ಒಂದೇ ಒಂದು ಸುಳ್ಳಿಗೆ ಅನುಮತಿ ಕೊಟ್ಟವರು

ವಿಜ್ಞಾನ ಕಲಿಸುವವರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ. ಕಥೆ ಹೇಳುವವರೂ ಕಡಿಮೆಯೇನಿಲ್ಲ. ಆದರೆ ಕಥೆಯನ್ನು ಪಾಠದ ಕೊನೆಗೆ ಹೊತ್ತು ಕಳೆಯಲೆಂದು ಅಂಟಿಸದೆ, ಪಾಠದ ಬೆನ್ನೆಲುಬಾಗಿಯೇ ನಿಲ್ಲಿಸಿದವರು, ಭೌತಶಾಸ್ತ್ರದ ತರಗತಿಯಲ್ಲಿ ಹುಟ್ಟಿದ ಒಂದು ವಿಜ್ಞಾನ ಕಥೆಯ ಬಾಲ ಹಿಡಿಸಿ ಮಕ್ಕಳನ್ನು ಇತಿಹಾಸ, ಜೀವಶಾಸ್ತ್ರ, ಅರ್ಥಶಾಸ್ತ್ರ, ಭಾಷೆ, ಗಣಿತಗಳ ಕೋಣೆಗಳಿಗೆಲ್ಲ ನುಗ್ಗಿಸಿದವರು, ನಾನು ಕಂಡಂತೆ ಒಬ್ಬರೇ. ಅವರು ಈ ತಿಂಗಳ ಕೊನೆಗೆ ಸೇವೆಯಿಂದ ನಿವೃತ್ತರಾಗುತ್ತಿದ್ದಾರೆ. ಹಾಜರಿ ಪುಸ್ತಕದಲ್ಲಿ ಅವರಿಗೆ ಉದ್ದವಾದ ಹೆಸರೂ ಅದರ ಹಿಂದೆ ಪದವಿಗಳೂ ಇವೆ. ನಮಗೆ ಮಾತ್ರ ಅವರು ಯಾವತ್ತೂ ‘ಒಂದೇ ಸುಳ್ಳಿನ ಮೇಡಂ’. ಆ ಅಡ್ಡಹೆಸರನ್ನು ಅವರೂ ಬಲ್ಲರು, ಒಳಗೊಳಗೇ ಇಷ್ಟಪಡುತ್ತಾರೆ ಕೂಡ.

ಈ ಅಭಿನಂದನಾ ಸಂಪುಟಕ್ಕೆ ಬರೆಯಬೇಕೆಂದು ಸಂಪಾದಕರು, ಅಂದರೆ ನಮ್ಮ ಇತಿಹಾಸದ ಮೇಷ್ಟ್ರು, ಕೇಳಿದಾಗ ನಾನು ಮೊದಲು ಬೇಡವೆಂದೆ. ಹೇಳುವುದಕ್ಕೆ ಏನೂ ಇಲ್ಲವೆಂದಲ್ಲ. ಶುರು ಮಾಡಿದರೆ ನಿಲ್ಲಿಸುವುದೇ ಕಷ್ಟ. ನನ್ನ ಮುಜುಗರ ಬೇರೆ. ನಾನು ಮೇಡಂ ಅವರ ಹಳೆಯ ವಿದ್ಯಾರ್ಥಿನಿ. ಅವರದೇ ವಿಭಾಗದಲ್ಲಿ ಹತ್ತು ವರ್ಷಕ್ಕೂ ಮಿಕ್ಕಿ ತಾತ್ಕಾಲಿಕ ಉಪನ್ಯಾಸಕಿಯಾಗಿ ದುಡಿದವಳು. ಅವರು ನಿವೃತ್ತರಾದರೆ ಮಾತ್ರ ನಮ್ಮಲ್ಲಿ ಒಂದು ಕಾಯಂ ಹುದ್ದೆ ಖಾಲಿಯಾಗುತ್ತದೆ. ಈ ವರ್ಷ ಖಾಲಿಯಾಗದೆ ಹೋದರೆ ನಾನು ವಯಸ್ಸಿನ ಮಿತಿ ದಾಟಿ ಗಂಟುಮೂಟೆ ಕಟ್ಟಬೇಕು. ಇತ್ತ ನಮ್ಮ ಆಡಳಿತ ಮಂಡಳಿಯವರು ಮೇಡಂ ಅವರಿಗೆ ಎರಡು ವರ್ಷದ ಸೇವಾ ವಿಸ್ತರಣೆ ಕೊಡುತ್ತೇವೆಂದು ತಾವಾಗಿ ಮುಂದೆ ಬಂದಿದ್ದರು. ಅವರು ಉಳಿದರೆ ನಾನು ಹೋಗಬೇಕು. ಅವರು ಹೋದರೆ ನಾನು ಉಳಿಯುತ್ತೇನೆ. ಅಂಥವಳು ಕೂತು ಅಭಿನಂದನೆ ಬರೆದರೆ ಓದುವವರು ಮುಸಿಮುಸಿ ನಗುವುದಿಲ್ಲವೇ ಎಂದು ಕೇಳಿದೆ. “ನಗ್ಲಿ ಬಿಡಿ. ನಗೋ ಹಾಗೇ ಬರ್ಕೊಡಿ,” ಎಂದರು ಮೇಷ್ಟ್ರು. ಹಾಗಾಗಿ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಮೇಡಂ ಸೇವೆಗೆ ಸೇರಿದ್ದು ಕಾಲೇಜಿಗಲ್ಲ, ಅದೇ ಆವರಣದಲ್ಲಿದ್ದ ಪ್ರೌಢಶಾಲೆಗೆ. ಅವರಿಗೆ ಸಿಕ್ಕ ಕೋಣೆ ಮೆಟ್ಟಿಲ ಕೆಳಗಿನದು. ಮೇಲಿನ ತರಗತಿ ಬಿಟ್ಟಾಗಲೆಲ್ಲ ತಲೆಯ ಮೇಲೆ ದಡದಡ ಸದ್ದಾಗಿ, ಸದ್ದು ನಿಲ್ಲುವವರೆಗೂ ಪಾಠ ನಿಲ್ಲಬೇಕು. ಅವರ ಪಾಲಿಗೆ ಬಂದ ಹೊತ್ತೂ ಅಷ್ಟೇ ಚೆಂದ: ಊಟದ ನಂತರದ ಮೊದಲ ಗಂಟೆ. ಆ ಹೊತ್ತಿನಲ್ಲಿ ಘರ್ಷಣೆಯ ಪಾಠ ಕೇಳಿದ ಯಾರಾದರೂ ಎಚ್ಚರವಾಗಿದ್ದರೆಂದು ಹೇಳಿದರೆ ನಾನು ನಂಬುವುದಿಲ್ಲ. ನಾನಂತೂ ಕೊನೆಯ ಬೆಂಚಿನಲ್ಲಿ ಗೋಡೆಗೆ ಒರಗಿ ತೂಕಡಿಸುತ್ತಿದ್ದೆ. ಭೌತಶಾಸ್ತ್ರದಲ್ಲಿ ನನಗೆ ಬರುತ್ತಿದ್ದ ಅಂಕಗಳನ್ನು ನೆನೆದರೆ, ನನಗೆ ಆ ವಿಭಾಗದಲ್ಲಿ ಕುರ್ಚಿ ಕೊಟ್ಟವರ ಧೈರ್ಯವನ್ನು ಈಗಲೂ ಮೆಚ್ಚಬೇಕು.

ಒಂದು ಮಧ್ಯಾಹ್ನ ಅವರು ಪುಸ್ತಕ ಮುಚ್ಚಿಟ್ಟು ಕಪ್ಪುಹಲಗೆಯ ಎಡಮೂಲೆಯಲ್ಲಿ ಒಂದು ಚೌಕ ಬರೆದರು. ಅದರೊಳಗೆ, ‘ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ನಮ್ಮ ಊರಿನಲ್ಲಿ ಘರ್ಷಣೆ ಮಾಯವಾಗುತ್ತದೆ’ ಎಂದು ಬರೆದರು. “ಇದು ಸುಳ್ಳು. ಈ ಕತೇಲಿ ಇದೊಂದಕ್ಕೇ ಅನುಮತಿ. ಚೌಕದ ಹೊರಗೆ ಏನೇ ಹೇಳಿದ್ರೂ ನಿಜ ಇರ್ಬೇಕು. ಹೇಳಿ, ಹತ್ತು ಗಂಟೆ ಆಯ್ತು. ಏನಾಯ್ತು?” ಎಂದರು. ಎಲ್ಲರೂ ಜಾರಿ ಬೀಳುತ್ತಾರೆ ಎಂದ ಒಬ್ಬ. ಬಸ್ಸು ನಿಲ್ಲುವುದಿಲ್ಲ ಎಂದ ಇನ್ನೊಬ್ಬ. ನಿಂತ ಬಸ್ಸು ಹೊರಡುವುದೂ ಇಲ್ಲ ಎಂದಳು ಮತ್ತೊಬ್ಬಳು. ನಿದ್ದೆಯಿಂದ ಆಗಷ್ಟೇ ಎದ್ದಿದ್ದ ನನ್ನ ಬಾಯಿಂದ, “ಹೊಲಿಗೆ ನಿಲ್ಲಲ್ಲ ಮೇಡಂ. ಬಟ್ಟೆ ಎಲ್ಲಾ ಬಿಚ್ಚಿಹೋಗುತ್ತೆ,” ಎಂಬ ಮಾತು ಬಂದುಬಿಟ್ಟಿತು.

ನನ್ನ ಅಮ್ಮ ದರ್ಜಿ. ಗಂಟು ಸರಿಯಾಗಿ ಬಿಗಿಯದಿದ್ದರೆ ದಾರ ಜಾರುತ್ತದೆಂದು ಬೈಸಿಕೊಂಡು ಬೆಳೆದವಳು ನಾನು. ಹೊಲಿಗೆ ಬಿಟ್ಟರೆ ನನಗೆ ಬೇರೇನೂ ಹೊಳೆಯುವಂತಿರಲಿಲ್ಲ. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ಮೇಡಂ ನಗಲಿಲ್ಲ. ಸೀಮೆಸುಣ್ಣ ಕೆಳಗಿಟ್ಟು, “ಬರೀ ಹೊಲಿಗೆ ಅಲ್ಲಮ್ಮ, ದಾರವೇ ಬಿಚ್ಚಿಹೋಗುತ್ತೆ. ಎಳೆಗೆ ಎಳೆ ಅಂಟ್ಕೊಂಡಿರೋದೂ ಘರ್ಷಣೆಯಿಂದಾನೇ. ನನಗೆ ಇದು ಹೊಳೆದಿರ್ಲಿಲ್ಲ,” ಎಂದರು. ಒಬ್ಬ ಟೀಚರ್ ನನಗೆ ಇದು ಹೊಳೆದಿರಲಿಲ್ಲ ಎಂದದ್ದನ್ನು ನಾನು ಅದೇ ಮೊದಲು ಕೇಳಿದ್ದು. ಆ ದಿನ ಮನೆಗೆ ಹೋದವಳು ಗೋಡೆಯ ಮೊಳೆಯನ್ನೂ ಬಾಗಿಲಿನ ತಿರುಪನ್ನೂ ಬಹಳ ಹೊತ್ತು ನೋಡುತ್ತಾ ನಿಂತಿದ್ದೆ. ಹುಡುಗಿಗೆ ಜ್ವರ ಬಂದಿದೆಯೇನೋ ಎಂದು ಅಮ್ಮ ಹಣೆ ಮುಟ್ಟಿ ನೋಡಿದರು.

ಅವರ ಪದ್ಧತಿ ಬೆಳೆದದ್ದು ಹೀಗೆಯೇ. ವರ್ಷಕ್ಕೊಂದು ಕಥೆ, ಕಥೆಗೊಂದೇ ಸುಳ್ಳು, ಆ ಸುಳ್ಳನ್ನು ಆರಿಸುವ ಹಕ್ಕು ತರಗತಿಯದು. ಚೌಕದ ಹೊರಗಿನ ಪ್ರತಿಯೊಂದು ಮಾತನ್ನೂ ಮಕ್ಕಳು ಬಲ್ಲವರ ಬಳಿ ಹೋಗಿ ಕೇಳಿ ಖಚಿತ ಮಾಡಿಕೊಂಡು ಬರಬೇಕು. ಕೇಳಿಸಿಕೊಂಡವರು ನಿಜವನ್ನೇ ಹೇಳಬೇಕು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಬೇಕು. ಈ ಕಟ್ಟಳೆಯಿಂದಾಗಿ ನಮ್ಮ ಶಿಕ್ಷಕರ ಕೋಣೆಯ ನೆಮ್ಮದಿ ಹಾಳಾಯಿತು. ಚಹಾ ಕುಡಿಯುತ್ತಿದ್ದವರ ಮುಂದೆ ಒಂದು ಮಗು ಬಂದು, ಭೂಮಿಯ ಎರಡರಷ್ಟು ಸೆಳೆತವಿರುವ ಗ್ರಹದಲ್ಲಿ ಉದ್ದ ಕತ್ತಿನ ಪ್ರಾಣಿ ಬದುಕುತ್ತದೆಯೇ ಎಂದು ಕೇಳಿದರೆ ಲೋಟ ಕೆಳಗಿಡಲೇಬೇಕಲ್ಲ. ಜೀವಶಾಸ್ತ್ರದವರು ಮೊದಮೊದಲು ಗೊಣಗಿದರು. ಆಮೇಲೆ ಹೃದಯ ಎಷ್ಟು ಎತ್ತರಕ್ಕೆ ರಕ್ತ ತಳ್ಳಬಲ್ಲದೆಂಬ ಪಾಠವನ್ನು ಆ ಪ್ರಶ್ನೆಯಿಂದಲೇ ಶುರು ಮಾಡತೊಡಗಿದರು. ಒಂದೇ ಮುಖವನ್ನು ಸೂರ್ಯನಿಗೆ ತೋರಿಸುತ್ತಾ ಸುತ್ತುವ, ರಾತ್ರಿಯೇ ಆಗದ ನೆಲದ ಕಥೆಯ ವರ್ಷ, ಭಾಷಾ ಶಿಕ್ಷಕಿಯು ಆ ನೆಲದ ತಾಯಿಯೊಬ್ಬಳು ದೂರದ ಮಗಳಿಗೆ ಬರೆಯುವ ಓಲೆಯನ್ನು ‘ನಿನ್ನೆ’, ‘ನಾಳೆ’ ಎಂಬ ಮಾತುಗಳಿಲ್ಲದೆ ಬರೆಯಿರಿ ಎಂದು ಕೊಟ್ಟರು. ಮಕ್ಕಳು ಪೆನ್ನು ಕಚ್ಚಿ ಕೂತರು. ಮಗಳ ದಾರಿ ಕಾಯುವುದನ್ನು ಹೇಳಲು ಅಷ್ಟು ಸಣ್ಣ ಮಾತುಗಳು ಎಷ್ಟು ಬೇಕಾಗುತ್ತವೆಂದು ಆ ದಿನ ತಿಳಿಯಿತು.

ಇತಿಹಾಸದ ಮೇಷ್ಟ್ರು ಈ ಗುಂಪಿಗೆ ಸೇರಿದ್ದು ಘರ್ಷಣೆಯ ಕಥೆಯಿಂದಲೇ. “ಇಷ್ಟೆಲ್ಲಾ ಆಯ್ತು ಸರಿ. ಊರಿನವರು ಯಾರ ಮೇಲೆ ತಪ್ಪು ಹೊರಿಸಿದ್ರು? ಅದನ್ನ ಬರೀದೇ ಇದ್ರೆ ನಿಮ್ಮ ಕತೆ ಸುಳ್ಳು,” ಎಂದು ಅವರು ಮಕ್ಕಳನ್ನು ಕೆಣಕಿದರು. ಅನಾಹುತವಾದ ಊರುಗಳಲ್ಲಿ ಗಾಳಿಮಾತು ಹೇಗೆ ಹಬ್ಬಿತು, ಹೊಸದಾಗಿ ಬಂದು ನೆಲಸಿದವರ ಮೇಲೆ ಹೇಗೆ ಗೂಬೆ ಕೂರಿಸಿದರು ಎಂಬುದನ್ನೆಲ್ಲ ಹೇಳುತ್ತಾ ಅವರು ಮೂರು ಗಂಟೆಗಳ ಪಾಠ ಮಾಡಿದರು. ಇದನ್ನು ಇಲ್ಲಿ ಬರೆದಿರುವುದಕ್ಕೆ ಸಂಪಾದಕರಾಗಿ ಅವರು ಕತ್ತರಿ ಹಾಕುವುದಿಲ್ಲವೆಂದು ನಂಬಿದ್ದೇನೆ.

ಗಣಿತದ ಸರ್ ಮಾತ್ರ ಬಗ್ಗಲಿಲ್ಲ. ಅವರು ಮಿತಭಾಷಿಗಳು, ಮೇಡಂ ಅವರ ತರಗತಿಯ ಪಕ್ಕದಲ್ಲೇ ಅವರದೂ ಇತ್ತು, ನಗು ಜೋರಾದಾಗಲೆಲ್ಲ ಗೋಡೆಗೆ ಡಸ್ಟರಿನಿಂದ ಕುಟ್ಟುತ್ತಿದ್ದರು. ಒಂದು ವರ್ಷ ಮಕ್ಕಳು ಆರಿಸಿದ ಸುಳ್ಳು, ಒಂದು ಔಷಧ ಕುಡಿದು ಮನುಷ್ಯನೊಬ್ಬ ಹತ್ತು ಪಟ್ಟು ಬೆಳೆದ ಎಂಬುದು. ಆ ದೈತ್ಯ ಓಡಿದ, ಸೇತುವೆ ಹಾರಿದ, ಏನೇನೋ ಮಾಡಿದ. ಬಾಗಿಲ ಬಳಿ ಸರ್ ಬಂದು ನಿಂತರು. “ಓಡೋದು ಹಾಗಿರ್ಲಿ, ಅವನು ನಿಲ್ಲೋಕ್ಕೇ ಆಗಲ್ಲ,” ಎಂದರು. ಮೇಡಂ ಸೀಮೆಸುಣ್ಣವನ್ನು ಅವರ ಕೈಗಿತ್ತು ಹೋಗಿ ಕೊನೆಯ ಬೆಂಚಿನಲ್ಲಿ ನಮ್ಮ ಜೊತೆ ಕೂತರು. ಎತ್ತರ ಹತ್ತು ಪಟ್ಟಾದರೆ ಮೂಳೆಯ ಅಡ್ಡಕೊಯ್ತದ ವಿಸ್ತೀರ್ಣ ನೂರು ಪಟ್ಟಷ್ಟೇ ಆಗುತ್ತದೆ, ಹೊರಬೇಕಾದ ಭಾರ ಸಾವಿರ ಪಟ್ಟಾಗುತ್ತದೆ. ಪಾಪ, ಆ ದೈತ್ಯನ ಕಾಲು ಮೊದಲ ಹೆಜ್ಜೆಗೇ ಮುರಿಯುತ್ತದೆ. ಸರ್ ಇದನ್ನು ಹೇಳಿ ಮುಗಿಸುವ ಹೊತ್ತಿಗೆ ಗಂಟೆ ಹೊಡೆದು ಬಹಳ ಹೊತ್ತಾಗಿತ್ತು, ಯಾರೂ ಎದ್ದಿರಲಿಲ್ಲ. ಗೋಡೆ ಕುಟ್ಟುವುದು ಅಂದಿಗೆ ನಿಂತಿತು.

ಎಲ್ಲವೂ ಹೂವಿನ ಹಾಸಿಗೆಯಾಗಿತ್ತೆಂದು ಬರೆದರೆ ಮೇಡಂ ಅವರೇ ಒಪ್ಪುವುದಿಲ್ಲ. ಪರೀಕ್ಷೆಯ ಫಲಿತಾಂಶ ಒಂದು ವರ್ಷ ನೆಲ ಕಚ್ಚಿತು. ತಾಮ್ರವೇ ಇಲ್ಲದ ಗ್ರಹದ ಕಥೆ ನಡೆಯುತ್ತಿದ್ದಾಗ ಪೋಷಕರೊಬ್ಬರು, ಬ್ಯಾಂಕಿನ ಅಧಿಕಾರಿ, ಪ್ರಾಂಶುಪಾಲರ ಕೋಣೆಗೆ ಬಂದು ಮೇಜು ಗುದ್ದಿದರು. “ನಮ್ಮನೇಲಿ ಬಲ್ಬು ಹಾಕೋಕೆ ಬಿಡ್ತಾ ಇಲ್ಲ ಸರ್ ನನ್ನ ಮಗ! ನಮ್ಮ ಗ್ರಹದಲ್ಲಿ ತಾಮ್ರ ಇಲ್ಲ, ತಂತಿ ಇಲ್ಲ ಅಂತಾನೆ. ಮೂರು ದಿನದಿಂದ ಕತ್ತಲಲ್ಲಿ ಊಟ ಮಾಡ್ತಾ ಇದೀವಿ!” ಕರೆ ಕಳಿಸಿದ ಮೇಲೆ ಬಂದ ಮೇಡಂ ಶಾಂತವಾಗಿ ಕೇಳಿಸಿಕೊಂಡರು. ಅಧಿಕಾರಿಗಳು ಉಸಿರು ತೆಗೆದುಕೊಳ್ಳಲು ನಿಲ್ಲಿಸಿ, ತಾಮ್ರವಿಲ್ಲದಿದ್ದರೆ ಏನಂತೆ, ಅಲ್ಯೂಮಿನಿಯಂ ತಂತಿ ಹಾಕಬಹುದಲ್ಲ ಎಂದರು. “ಅದನ್ನ ಅವನಿಗೆ ಹೇಳಿದ್ರಾ?” ಎಂದು ಮೇಡಂ ಕೇಳಿದರು. ಹೇಳಿರಲಿಲ್ಲ. ಆ ರಾತ್ರಿ ಅವರ ಮನೆಯಲ್ಲಿ ದೀಪ ಹತ್ತಿತಂತೆ. ಆದರೂ ಪ್ರಾಂಶುಪಾಲರು ಕಥೆಯ ಗಂಟೆಗಳನ್ನು ವಾರಕ್ಕೆ ಒಂದಕ್ಕಿಳಿಸಿದರು. ಅದು ಸರಿಯಾದ ತೀರ್ಮಾನವೇ ಆಗಿತ್ತೆಂದು ಮೇಡಂ ಮುಂದೆ ನಮ್ಮೆದುರು ಒಪ್ಪಿಕೊಂಡರು. ಕಥೆಯಿಂದ ಹಸಿವಾಗುತ್ತದೆ, ಹೊಟ್ಟೆ ತುಂಬಬೇಕಾದರೆ ಲೆಕ್ಕ ಬಿಡಿಸಲೇಬೇಕು ಎಂಬುದು ಅವರ ಮಾತು. ಆಮೇಲೆ ಅವರು ಬಿಡಿಸಲು ಕೊಡುತ್ತಿದ್ದ ಲೆಕ್ಕಗಳ ರಾಶಿಯನ್ನು ನೆನೆದರೆ ನನಗೆ ಈಗಲೂ ಬೆರಳು ನೋಯುತ್ತದೆ.

ನಾನು ಶಾಲೆ ಮುಗಿಸುವ ವರ್ಷ ಅಮ್ಮನ ಬಲಗೈ ಮಣಿಕಟ್ಟು ಊದಿಕೊಂಡು ಕತ್ತರಿ ಹಿಡಿಯುವುದು ಕಷ್ಟವಾಯಿತು. ನಾನು ಅಂಗಡಿಯಲ್ಲಿ ಕೂರುವುದೆಂದು ಮನೆಯಲ್ಲಿ ಮಾತಾಗಿತ್ತು. ನನಗೂ ಅದರಲ್ಲಿ ದೊಡ್ಡ ದುಃಖವೇನೂ ಇರಲಿಲ್ಲ. ಒಂದು ಸಂಜೆ ಮೇಡಂ ಉದ್ದವಾದ ಒಂದು ಕೋಟನ್ನು ಕೈಮೇಲೆ ಹಾಕಿಕೊಂಡು ಅಂಗಡಿಗೆ ಬಂದರು. ತೋಳು ಗಿಡ್ಡ ಮಾಡಬೇಕಿತ್ತಂತೆ. ಹೊಲಿಗೆ ಯಂತ್ರದ ಪಕ್ಕದ ಎತ್ತರದ ಸ್ಟೂಲಿನ ಮೇಲೆ ಕೂತು, ನೆಲಕ್ಕೆ ತಾಗದ ಕಾಲು ಆಡಿಸುತ್ತಾ, ಅಮ್ಮನ ಜೊತೆ ಹರಟೆಗಿಳಿದರು. “ನೋಡಿ ಅಕ್ಕಾ, ಸುಮ್ನೆ ಒಂದು ಕತೆ ಕಟ್ಟೋಣ. ನಿಮಗೆ ಮಗಳೇ ಇಲ್ಲ ಅಂದ್ಕೊಳಿ. ಕೈ ನೋವು ಹೀಗೇ ಇದೆ. ಅಂಗಡಿ ಹೇಗೆ ನಡೆಸ್ತೀರಿ?” ಅಮ್ಮ ಮೊದಲು ಸಿಡುಕಿದರು. ಆಮೇಲೆ ಕತೆ ಕಟ್ಟಿದರು. ಪಕ್ಕದ ಬೀದಿಯ ಹೆಂಗಸನ್ನು ಕತ್ತರಿಸುವುದಕ್ಕೆ ಕರೆಯುವುದು, ಹೊಸ ಬಟ್ಟೆ ಬಿಟ್ಟು ತಿದ್ದುವ ಕೆಲಸವನ್ನಷ್ಟೇ ಹಿಡಿಯುವುದು, ಬೆಳಿಗ್ಗೆ ಮಾತ್ರ ಅಂಗಡಿ ತೆರೆಯುವುದು. ಎಲ್ಲ ಹೇಳಿ ಮುಗಿಸಿ, ಬಾಯಲ್ಲಿದ್ದ ಗುಂಡುಸೂಜಿ ತೆಗೆದಿಟ್ಟು, “ಅಂದ್ರೆ ಇವಳು ಓದ್ಬಹುದು ಅಂತ ನನ್ನ ಬಾಯಿಂದಾನೇ ಹೇಳಿಸಿದ್ರಿ ನೀವು,” ಎಂದರು. ಆ ಕೋಟಿನ ತೋಳು ಸರಿಯಾಗಿಯೇ ಇತ್ತೆಂದು ಅಮ್ಮನಿಗೆ ಮೊದಲ ನೋಟಕ್ಕೇ ಗೊತ್ತಾಗಿತ್ತಂತೆ. ಆದರೂ ಗಿಡ್ಡ ಮಾಡಿಯೇ ಕಳಿಸಿದರು.

ಮುಂದೆ ಮೇಡಂ ಕಾಲೇಜಿಗೆ ಬಡ್ತಿ ಹೊಂದಿ ಬಂದರು; ನಾನೂ ಓದು ಮುಗಿಸಿ ಅದೇ ವಿಭಾಗಕ್ಕೆ ತಾತ್ಕಾಲಿಕ ಉಪನ್ಯಾಸಕಿಯಾಗಿ ಬಂದೆ. ಅವರ ಪದ್ಧತಿ ಇಲ್ಲಿ ಇನ್ನಷ್ಟು ಹರಡಿತು. ಬೇಕಾದ ವಸ್ತುವನ್ನೆಲ್ಲ ನಕಲು ಮಾಡುವ ಯಂತ್ರವಿದ್ದರೆ ಬೆಲೆ ಎಂಬುದಕ್ಕೆ ಏನರ್ಥ ಎಂದು ಅರ್ಥಶಾಸ್ತ್ರದವರು ಇಡೀ ಅವಧಿಯನ್ನು ಕಳೆದರು. ಬೇರೆ ಕಾಲೇಜುಗಳವರು ನೋಡಲು ಬರತೊಡಗಿದರು. ಬಂದವರನ್ನು ಮೇಡಂ ಕುರ್ಚಿಯ ಮೇಲೆ ಕೂರಲು ಬಿಡದೆ ಮಕ್ಕಳ ಪ್ರಶ್ನೆಗೆ ಒಡ್ಡುತ್ತಿದ್ದರು. ಅವರ ದೋಷಗಳನ್ನೂ ಇಲ್ಲೇ ಹೇಳಿಬಿಡಬೇಕು. ಉತ್ತರ ಪತ್ರಿಕೆಗಳನ್ನು ಅವರು ಹೊತ್ತಿಗೆ ಸರಿಯಾಗಿ ತಿದ್ದಿ ಕೊಟ್ಟದ್ದನ್ನು ಕಂಡವರಿಲ್ಲ. ಪ್ರಯೋಗಾಲಯದ ಮಸೂರ ಒಡೆದವರ ಮೇಲೆ ಅವರಿಗೆ ಬರುತ್ತಿದ್ದ ಸಿಟ್ಟು ಒಂದು ವಾರ ಇಳಿಯುತ್ತಿರಲಿಲ್ಲ. ಮತ್ತು ಅವರದೇ ಆದ ಒಂದು ದೊಡ್ಡ ವಿಜ್ಞಾನ ಕಾದಂಬರಿ ಇದೆ. ಅದಕ್ಕೆ ಎಷ್ಟೋ ಆರಂಭಗಳಿವೆ, ಅಂತ್ಯ ಮಾತ್ರ ಇಲ್ಲ.

ಆ ಕಾದಂಬರಿಯ ಮೊದಲ ಶ್ರೋತೃ ಅವರ ಅತ್ತೆ. ಕಿವಿ ಮಂದ, ಬಾಯಿ ಚುರುಕು. ಸೊಸೆ ಅಡುಗೆಮನೆಯಲ್ಲಿ ಗಟ್ಟಿಯಾಗಿ ಓದಿದರೆ ಅವರು ತರಕಾರಿ ಹೆಚ್ಚುತ್ತಾ ಕೇಳುತ್ತಾರೆ. ರಾಕೆಟ್ಟು ಹಾರಿದರೂ ಗ್ರಹ ಸಿಡಿದರೂ ತಲೆ ಎತ್ತುವುದಿಲ್ಲ. “ಅಲ್ವೇ, ಆರು ತಿಂಗಳಿಂದ ಹಾರ್ತಾ ಇದಾರಲ್ಲ, ಬಟ್ಟೆ ಎಲ್ಲಿ ಒಣಗಿಸ್ತಾರೆ?” ಎಂದು ಒಮ್ಮೆ ಕೇಳಿದ್ದಕ್ಕೆ ಮೇಡಂ ಒಂದಿಡೀ ಅಧ್ಯಾಯ ಹರಿದು ಹಾಕಿದರು. ಯಜಮಾನರದು ಕನ್ನಡಕದ ಅಂಗಡಿ. ಊರಿಗೆಲ್ಲ ಕಣ್ಣು ಕೊಡುವ ಅವರು ಹೆಂಡತಿಯ ಕಥೆಯ ಎರಡನೇ ಪುಟಕ್ಕೇ ಕಣ್ಣು ಮುಚ್ಚುತ್ತಾರೆಂಬುದು ಮನೆಯ ಹಳೆಯ ತಮಾಷೆ. ಆ ಮನೆಯಲ್ಲಿ ನಾನು ಎಷ್ಟು ಸಂಜೆ ಊಟ ಮಾಡಿದ್ದೇನೋ ಲೆಕ್ಕವಿಲ್ಲ.

ಈಗ ಈ ವರ್ಷದ ಮಾತು. ವಿಸ್ತರಣೆಯ ವಿಷಯ ಕಿವಿಯಿಂದ ಕಿವಿಗೆ ಹಬ್ಬಿ ಎಲ್ಲರಿಗೂ ಗೊತ್ತಾಗಿತ್ತು. ಮೇಡಂ ಹೂಂ ಎಂದಿರಲಿಲ್ಲ, ಉಹೂಂ ಎಂದೂ ಅಂದಿರಲಿಲ್ಲ. ನಾನು ಕೇಳಲಿಲ್ಲ. ಕೇಳುವ ಮುಖ ನನಗೆಲ್ಲಿತ್ತು? ದಿನಾ ಒಂದೇ ಮೇಜಿನ ಎರಡು ಬದಿಯಲ್ಲಿ ಕೂತು, ಹವೆಯ ಬಗ್ಗೆಯೂ ಮಸೂರಗಳ ಬಗ್ಗೆಯೂ ಮಾತಾಡಿ ಏಳುತ್ತಿದ್ದೆವು. ಮನೆಯಲ್ಲಿ ಅಮ್ಮ ಮಾತ್ರ ಪ್ರತಿ ಸಂಜೆ, “ಏನಾದ್ರೂ ಅಂದ್ರಾ?” ಎಂದು ಕೇಳುತ್ತಿದ್ದರು.

ಅಂತಿಮ ವರ್ಷದ ವಿದ್ಯಾರ್ಥಿಗಳು ತಮ್ಮ ಕಥೆಗೆ ಆರಿಸಿಕೊಂಡ ಸುಳ್ಳು, ‘ನಮ್ಮ ಮೇಡಂ ನಿವೃತ್ತರಾಗುವುದೇ ಇಲ್ಲ’ ಎಂಬುದು. ಅವರ ಉದ್ದೇಶ ಎಳೆಯದೂ ಒಳ್ಳೆಯದೂ ಆಗಿತ್ತು: ಕಥೆಯನ್ನು ಓದಿ ಮೇಡಂ ಅವರ ಮನಸ್ಸು ಕರಗಿಸಿ, ಹೂಂ ಅನ್ನಿಸಬೇಕು. ಕಟ್ಟಳೆಯಂತೆ ಅವರು ಕೋಣೆ ಕೋಣೆ ತಿರುಗಿದರು. ಜೀವಶಾಸ್ತ್ರದವರು ಮೇಡಂ ಅವರ ಗಂಟಲಿನ ಸ್ಥಿತಿಯನ್ನು ವಿವರಿಸಿ, ಮುಂದಿನ ವರ್ಷದಿಂದ ಧ್ವನಿವರ್ಧಕ ಬೇಕಾದೀತು ಎಂದರು. ಗಣಿತದ ಸರ್, ಎರಡು ವರ್ಷಕ್ಕೆ ಒಪ್ಪಿದವರು ಇನ್ನೆರಡಕ್ಕೂ ಒಪ್ಪುತ್ತಾರೆ, ಈ ಸರಣಿಯ ಕೊನೆಯ ಪದ ಯಾವುದೆಂದು ನೀವೇ ಹೇಳಿ ಎಂದರಂತೆ. ಕನ್ನಡಕದ ಅಂಗಡಿಗೂ ಹೋಗಿ ಬಂದರು. “ನಾನು ಮಧ್ಯಾಹ್ನ ಒಬ್ಬನೇ ಉಣ್ಣೋದು ಇನ್ನೆರಡು ವರ್ಷ. ಅಭ್ಯಾಸ ಆಗಿದೆ, ಬರ್ಕೊಳಿ,” ಎಂದು ಯಜಮಾನರು ಹೇಳಿದರಂತೆ.

ಕೊನೆಗೆ ನನ್ನ ಬಳಿ ಬಂದರು. ಬರವಣಿಗೆಯ ಹೊಣೆ ಹೊತ್ತಿದ್ದ ಹುಡುಗಿ ಪೆನ್ನು ಬಿಚ್ಚಿ ಹಿಡಿದು, “ಮೇಡಂ ಇಲ್ಲೇ ಇದ್ರೆ ಭೌತಶಾಸ್ತ್ರ ವಿಭಾಗದಲ್ಲಿ ಯಾರಿಗಾದ್ರೂ ತೊಂದ್ರೆ ಆಗುತ್ತಾ ಮೇಡಂ?” ಎಂದು ಕೇಳಿದಳು. ಅವಳಿಗೆ ನನ್ನ ಹುದ್ದೆಯ ವಿಷಯ ತಿಳಿದಿರಲಿಲ್ಲ. ಪಾಠ ಮಾಡುವವರಲ್ಲಿ ಕಾಯಂ ಯಾರು, ತಾತ್ಕಾಲಿಕ ಯಾರು ಎಂದು ಮಕ್ಕಳು ನೋಡುತ್ತಾರೆಯೇ? ನಾನು ನಗುತ್ತಲೇ ಹೇಳಿದೆ: “ಯಾರಿಗೂ ಇಲ್ಲಮ್ಮ. ನನಗೆ ಇನ್ನೊಂದು ಹುದ್ದೆ ಮಂಜೂರಾಗ್ತಾ ಇದೆ.” ಅಂಥ ಹುದ್ದೆ ಯಾವುದೂ ಇರಲಿಲ್ಲ. ಬೇರೇನು ಹೇಳಲಿ? ನನಗೆ ಓದಲು ದಾರಿ ಮಾಡಿಕೊಟ್ಟವರನ್ನು ಹೋಗಿ ಎಂದು ಹೇಳುವ ಬಾಯಿ ನನಗಿರಲಿಲ್ಲ. ಅವಳು ಅದನ್ನು ಅಂದವಾದ ಅಕ್ಷರದಲ್ಲಿ ಬರೆದುಕೊಂಡು ಹೋದಳು.

ಕಥೆ ಓದುವ ದಿನ ದೊಡ್ಡ ಉಪನ್ಯಾಸ ಕೋಣೆ ತುಂಬಿತ್ತು. ಮೇಡಂ ಮೊದಲ ಸಾಲಿನಲ್ಲಿ, ನಾವೆಲ್ಲ ಹಿಂದಿನ ಗೋಡೆಗೆ ಒರಗಿ. ಧ್ವನಿವರ್ಧಕ ಕಟ್ಟಿಕೊಂಡು ಓಡಾಡುವ ಮೇಡಂ, ಮೊಮ್ಮಕ್ಕಳ ಕಾಲದವರೆಗೂ ಬಾಕಿ ಉಳಿಯುವ ಉತ್ತರ ಪತ್ರಿಕೆಗಳು; ನಕ್ಕು ನಕ್ಕು ಸಾಕಾಯಿತು. ಆಮೇಲೆ ಹುಡುಗಿ ಓದಿದಳು: ‘ಕಿರಿಯ ಮೇಡಂ ಅವರಿಗೆ ಇನ್ನೊಂದು ಹುದ್ದೆ ಮಂಜೂರಾಗಿ, ಇಬ್ಬರೂ ಒಂದೇ ವಿಭಾಗದಲ್ಲಿ ಸುಖವಾಗಿದ್ದರು.’

“ನಿಲ್ಸು,” ಎಂದರು ಮೇಡಂ. “ಇದನ್ನ ಯಾರು ಹೇಳಿದ್ದು?”

ಹುಡುಗಿ ನನ್ನ ಕಡೆ ನೋಡಿದಳು. ಇಡೀ ಕೋಣೆ ತಿರುಗಿ ನೋಡಿತು. ಮೇಡಂ ಕೂತಲ್ಲಿಂದ ಏಳದೆ, ಕುರ್ಚಿಯಲ್ಲೇ ಹೊರಳಿ, “ಏನಮ್ಮ, ನಿಜಾನಾ?” ಎಂದು ಕೇಳಿದರು. ತರಗತಿಯಲ್ಲಿ ಕೇಳಿದ ಪ್ರಶ್ನೆಗೆ ನಿಜವನ್ನೇ ಹೇಳಬೇಕೆಂಬುದು ಅವರೇ ಹಾಕಿಕೊಟ್ಟ ಕಟ್ಟಳೆ. ಅಲ್ಲ ಎಂದೆ. ಹಾಗಾದರೆ ನಿಜ ಯಾವುದು ಎಂದು ಕೇಳಿದರು. ಹೇಳಿದೆ, ಇರುವುದು ಒಂದೇ ಹುದ್ದೆ, ಅದು ನಿಮ್ಮದು, ನೀವು ಉಳಿದರೆ ನನಗೆ ವಯಸ್ಸು ಮೀರುತ್ತದೆ ಎಂದು ಅಷ್ಟು ಜನರ ಮುಂದೆ, ಕಾಲಿನ ಹೆಬ್ಬೆರಳು ನೋಡುತ್ತಾ ಹೇಳಿದೆ. ಆ ಹುಡುಗಿ ಹೆದರಿದ ದನಿಯಲ್ಲಿ, “ಹಾಗಿದ್ರೆ ಕತೆ ಪೂರ್ತಿ ಬದಲಾಗುತ್ತೆ ಮೇಡಂ,” ಎಂದಳು.

“ಬದಲಾಗ್ಲಿ. ತಿದ್ಕೊಂಡು ಬಾ,” ಎಂದರು ಮೇಡಂ.

ಮುಂದಿನ ವಾರ ಓದಿದ ಕಥೆಯಲ್ಲಿ ನಗು ಕಡಿಮೆಯಿತ್ತು. ಮೇಡಂ ಉಳಿಯುತ್ತಾರೆ. ಕಿರಿಯವಳು ಅಮ್ಮನ ಅಂಗಡಿಯ ಸ್ಟೂಲಿಗೆ ಮರಳುತ್ತಾಳೆ. ಮೇಡಂ ಅವರ ದನಿ ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತದೆ. ಒಂದು ದಿನ ಅದು ಕೇಳಿಸದೇ ಹೋದಾಗ ಅವರ ಹಾಗೆ ಕಥೆ ಕಟ್ಟಿಸಬಲ್ಲವರು ಆ ಕಟ್ಟಡದಲ್ಲಿ ಯಾರೂ ಉಳಿದಿರುವುದಿಲ್ಲ. ಕಥೆಯ ಕೊನೆಯಲ್ಲಿ ವಿದ್ಯಾರ್ಥಿಗಳೇ ಒಟ್ಟಾಗಿ ಹೋಗಿ, ಅಳುತ್ತಾ, ಹೊರಡಿ ಮೇಡಂ ಎಂದು ಬೇಡಿಕೊಳ್ಳುತ್ತಾರೆ. ಉಳಿಸಿಕೊಳ್ಳಲೆಂದು ಶುರು ಮಾಡಿದ ಕಥೆಯೇ ಕಳಿಸಿಕೊಡುವ ಕಥೆಯಾದದ್ದಕ್ಕೆ ಮಕ್ಕಳೆಲ್ಲ ತಪ್ಪು ಮಾಡಿದವರಂತೆ ತಲೆ ತಗ್ಗಿಸಿದ್ದರು. ಮೇಡಂ ಎದ್ದು ನಿಂತು ಕನ್ನಡಕ ತೆಗೆದು ಒರೆಸಿಕೊಂಡರು. “ಎಷ್ಟು ಚೆನ್ನಾಗಿ ಬರ್ದಿದ್ದೀರ್ರೋ! ಒಂದು ಮಾತೂ ತೆಗಿಯೋ ಹಾಗಿಲ್ಲ,” ಎಂದರು. ಆ ಮಧ್ಯಾಹ್ನವೇ ಆಡಳಿತ ಮಂಡಳಿಯ ಕಚೇರಿಗೆ ಹೋಗಿ ವಿಸ್ತರಣೆ ಬೇಡವೆಂದು ತಿಳಿಸಿ ಬಂದರು.

ನಾನು ಸಂಜೆ ವಿಭಾಗಕ್ಕೆ ಹೋದಾಗ ಅವರು ಒಬ್ಬರೇ ಕೂತು ಕಪಾಟಿನ ಪುಸ್ತಕಗಳನ್ನು ಕಟ್ಟುತ್ತಿದ್ದರು. ನನಗಾಗಿ ಹೀಗೆ ಮಾಡಬೇಡಿ ಎಂದು ಹೇಳಲು ಬಾಯಿ ತೆರೆದೆ. ಅವರು ಕೈ ಎತ್ತಿ ತಡೆದರು. “ಸುಮ್ನಿರು. ನನಗೆ ಉಳೀಬೇಕು ಅಂತ ತುಂಬಾ ಆಸೆ ಇತ್ತು ಕಣೆ. ನಿನ್ನ ವಿಷಯ ಗೊತ್ತಿಲ್ದೇ ಏನಲ್ಲ. ಯಾರಾದ್ರೂ ಬಂದು, ಅವಳಿಗೆ ಬೇರೆ ಹುದ್ದೆ ಇದೆ, ನೀವು ಇರಿ ಅಂತ ಹೇಳ್ಲಿ ಅಂತ ತಿಂಗಳಿಂದ ಕಾಯ್ತಾ ಇದ್ದೆ. ಕೊನೆಗೆ ನೀನೇ ಹೇಳ್ಬಿಟ್ಟೆ. ಆ ಮಾತು ಕೇಳ್ದಾಗ ನಂಬಿಬಿಡೋಣ ಅಂತ ಎಷ್ಟು ಅನ್ನಿಸ್ತು ಗೊತ್ತಾ?” ಎಂದರು. ಹೇಳುತ್ತಾ ಹೇಳುತ್ತಾ ನಕ್ಕರು, ಕಣ್ಣು ತುಂಬಿತ್ತು. ನಾನು ಅತ್ತುಬಿಟ್ಟೆ. ಅಳುವಾಗಲೂ ನನಗೆ ಕೆಲಸ ಉಳಿಯಿತೆಂಬ ಸಂತೋಷ ಒಳಗಿತ್ತು; ಅದನ್ನು ಮುಚ್ಚಿಡುವುದಿಲ್ಲ. ಅವರಿಗೂ ಅದು ಕಂಡಿರಬೇಕು. ದಾರದ ಉಂಡೆಯನ್ನು ನನ್ನ ಕಡೆ ತಳ್ಳಿ, “ಗಂಟು ಹಾಕು, ನಿನಗೆ ಚೆನ್ನಾಗಿ ಬರುತ್ತೆ,” ಎಂದರು. ಇಬ್ಬರೂ ಕೂತು ಕತ್ತಲಾಗುವ ಮೊದಲು ಪುಸ್ತಕಗಳನ್ನೆಲ್ಲ ಕಟ್ಟಿ ಮುಗಿಸಿದೆವು.

ತಮಗೆ ಅತ್ಯಂತ ಪ್ರಿಯವಾದುದನ್ನು, ಬೇಕು ಬೇಕೆನ್ನಿಸುತ್ತಿರುವಾಗಲೇ, ಇನ್ನೂ ಕೈಯಲ್ಲಿ ಶಕ್ತಿಯಿರುವಾಗಲೇ ಬಿಟ್ಟುಕೊಟ್ಟ ಈ ಹಿರಿಯರಿಗೆ ಆಯುರಾರೋಗ್ಯಗಳು ತುಂಬಿ ಬರಲಿ. ಅತ್ತೆಯವರ ಮಂದ ಕಿವಿಯೂ ಚುರುಕು ಬಾಯಿಯೂ ಇನ್ನೂ ಬಹುಕಾಲ ಆ ಕಾದಂಬರಿಗೆ ಕಾವಲಿರಲಿ. ಯಜಮಾನರು ಮಧ್ಯಾಹ್ನದ ಊಟಕ್ಕೆ ಜೊತೆ ಸಿಕ್ಕ ಸಂತೋಷದಲ್ಲಿ ಮೂರನೇ ಪುಟದವರೆಗಾದರೂ ಎಚ್ಚರವಾಗಿರಲಿ. ಕಾದಂಬರಿಗೆ ಒಂದು ಅಂತ್ಯ ಸಿಗಲಿ, ಅದನ್ನು ಮಕ್ಕಳ ಕೈಗೆ ಕೊಟ್ಟು ಅವರಿಂದ ಬೈಸಿಕೊಳ್ಳುವ ಭಾಗ್ಯವೂ ಮೇಡಂ ಅವರಿಗೆ ಬರಲಿ.

ಬರುವ ತಿಂಗಳಿಂದ ಆ ತರಗತಿ ನನ್ನದು. ನಡುನಡುವೆ ಬಂದು ಕೊನೆಯ ಬೆಂಚಿನಲ್ಲಿ ಕೂರಿ ಎಂದು ಕೇಳಿಕೊಂಡೆ. ಅವರು ಸುತರಾಂ ಒಪ್ಪಲಿಲ್ಲ. “ಒಂದು ವರ್ಷ ಬರಲ್ಲ. ನಾನು ಎದುರಿಗಿದ್ರೆ ನೀನು ಮಕ್ಕಳನ್ನ ಬಿಟ್ಟು ನನ್ನ ಮುಖ ನೋಡ್ಕೊಂಡು ಪಾಠ ಮಾಡ್ತೀಯ,” ಎಂದರು. ಸರಿಯೇ ಹೇಳಿದ್ದಾರೆ, ಹಾಗೆಯೇ ಮಾಡುತ್ತಿದ್ದೆ. ಆದ್ದರಿಂದ ಎಲ್ಲರೊಂದಿಗೆ ಸೇರಿ ಮೇಡಂ ಅವರಿಗೆ ದೀರ್ಘಾಯುಷ್ಯವನ್ನು ಕೋರುತ್ತಿರುವ ನಾನು, ಅದರಲ್ಲಿ ಮೊದಲ ಒಂದು ವರ್ಷ ಮಾತ್ರ ಬೇಗ ಕಳೆದುಹೋಗಲಿ ಎಂದು ಆಶಿಸುತ್ತೇನೆ.